ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕಂತೆ!

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು- ಹಾವೇರಿ ಜಿಲ್ಲೆಯ ಈ ನಾಲ್ಕು ಪಟ್ಟಣಗಳಲ್ಲಿ ಈಚೆಗೆ ಕೆಲವು ದಿನ ಓಡಾಡುವ ಅವಕಾಶ ನನಗೆ ಒದಗಿತ್ತು. ಅವುಗಳಲ್ಲೊಂದರ ಪೇಟೆಯಲ್ಲಿ ಸಾಧಾರಣ ಕಿರಾಣಿ ಅಂಗಡಿಯೊಂದಕ್ಕೆ ಹೋಗಿ ಕಾಲು ಕಿಲೋ ಖಾರದ ಪುಡಿ ಕೇಳಿದೆ. ಯಾವ ಊರು, ಯಾವ ಅಂಗಡಿ ಎಂಬುದು ಇಲ್ಲಿ ಮುಖ್ಯವಲ್ಲ. ಯಾವ ಊರಿನಲ್ಲಾದರೂ ನಡೆಯಬಹುದಾದ ಸಂಗತಿ ಇದು. ಬಾಯಿ ತೆರೆದಿಟ್ಟ ಚೀಲದಿಂದ ಪುಡಿಯನ್ನು ತೂಗಿ ಕಾಗದದ ಪೊಟ್ಟಣ ಕಟ್ಟುತ್ತಿದ್ದ ಅಂಗಡಿಯಾತನಿಗೆ, ಹಣ ಕೊಡುವ ಮುನ್ನ ನಾನು ಒಂದು ಮಾತು ಹೇಳಿದೆ: ‘ಇದನ್ನು ನಾನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಬೇಕೆಂದಿದ್ದೇನೆ.’

ಆತ ಸಿಟ್ಟಾಗಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ಕಟ್ಟಿದ ಪೊಟ್ಟಣವನ್ನು ಬಿಚ್ಚಿ ಪುಡಿಯನ್ನು ಮತ್ತೆ ಚೀಲಕ್ಕೇ ಸುರಿದ. ‘ಇದು ನಿಮಗ ಬ್ಯಾಡ ಬಿಡ್ರಿ, ಮನೀಗಿ ಒಯ್ಯೂದು ಬ್ಯಾರೆ ಐತಿ’ ಎನ್ನುತ್ತಾ ಒಳಗಿನ ಡಬ್ಬಿಯಿಂದ ಬೇರೊಂದು ಪುಡಿ ತೆಗೆದು ತೂಗಿದ. ಬಣ್ಣ ಮೊದಲಿನದಕ್ಕಿಂತ ಮಂಕಾಗಿತ್ತು, ಬೆಲೆ ಹೆಚ್ಚಾಗಿತ್ತು. ಚೀಲದ ಪುಡಿಯಲ್ಲಿ ದೋಷವಿತ್ತೆಂದು ನಾನು ಹೇಳಲಾರೆ. ಇರಲಿಲ್ಲವೆಂದೂ ಹೇಳಲಾರೆ. ಅದನ್ನು ತಿಳಿಯುವ ದಾರಿಯನ್ನು ನನ್ನ ಒಂದು ಮಾತೇ ಮುಚ್ಚಿಬಿಟ್ಟಿತು.

ಹಾಗಾದರೆ ಆ ಮಾತನ್ನು ಆಡಿದ್ದೇಕೆ? ಕಾನೂನು ಆಡಬೇಕೆಂದು ಹೇಳುತ್ತದೆ, ಅದಕ್ಕೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಕಲಮು ಸಾಮಾನ್ಯ ಗ್ರಾಹಕನಿಗೊಂದು ಹಕ್ಕು ಕೊಟ್ಟಿದೆ. ತಾನು ಕೊಂಡ ಆಹಾರ ಪದಾರ್ಥವನ್ನು ಶುಲ್ಕ ತೆತ್ತು ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ವರದಿಯಲ್ಲಿ ದೋಷ ಕಂಡುಬಂದರೆ ಶುಲ್ಕ ವಾಪಸು ಸಿಗುತ್ತದೆ. ವಿಶ್ಲೇಷಕರು ಆ ವರದಿಯನ್ನು ಜಿಲ್ಲೆಯ ಅಂಕಿತಾಧಿಕಾರಿಗೆ ಮುಂದಿನ ಕ್ರಮಕ್ಕಾಗಿ ಕಳಿಸಬೇಕು. ಓದಿದರೆ ಎಷ್ಟು ಚೆನ್ನಾಗಿದೆ! ಆದರೆ ಅದರ ಬಾಲಕ್ಕೊಂದು ಷರತ್ತು ಅಂಟಿಕೊಂಡಿದೆ. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಗ್ರಾಹಕ ‘ಕೊಳ್ಳುವ ಸಮಯದಲ್ಲಿಯೇ’ ಮಾರುವವನಿಗೆ ತಿಳಿಸಿರಬೇಕು. ಮನೆಗೆ ಬಂದು ಪೊಟ್ಟಣ ಬಿಚ್ಚಿದ ಮೇಲೆ, ಮಗುವಿಗೆ ಹೊಟ್ಟೆನೋವು ಬಂದ ಮೇಲೆ, ಸಾರಿನ ಮೇಲೆ ವಿಚಿತ್ರ ಕೆಂಪು ತೇಲಿದ ಮೇಲೆ ಅನುಮಾನ ಹುಟ್ಟಿದರೆ ಈ ಕಲಮು ನಿಮ್ಮ ನೆರವಿಗೆ ಬಾರದು. ಅನುಮಾನ ಅಂಗಡಿಯಲ್ಲೇ ಹುಟ್ಟಬೇಕು, ಅಲ್ಲೇ ಘೋಷಣೆಯಾಗಬೇಕು.

ಈ ಷರತ್ತು 2006ರ ಸೃಷ್ಟಿಯಲ್ಲ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ 12ನೇ ಕಲಮಿನಲ್ಲಿಯೂ ಇದೇ ಮಾತಿತ್ತು. ಮಾನ್ಯತೆ ಪಡೆದ ಬಳಕೆದಾರರ ಸಂಘಗಳಿಗೂ ಮಾದರಿ ಪರೀಕ್ಷೆಯ ಹಕ್ಕನ್ನು ಆ ಕಲಮು ಆಮೇಲೆ ವಿಸ್ತರಿಸಿತ್ತು. ಹೊಸ ಕಾಯ್ದೆ ಬರೆದವರು ಸಂಘಗಳ ಉಲ್ಲೇಖವನ್ನು ಕೈಬಿಟ್ಟು, ಷರತ್ತನ್ನು ಮಾತ್ರ ಜೋಪಾನವಾಗಿ ಎತ್ತಿಕೊಂಡು ಬಂದರು. ಆಹಾರ ಮಾರಾಟದ ಕಾನೂನು ಕಾಲಕ್ಕೆ ತಕ್ಕಂತೆ ಬದಲಾಗಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ನಾವು ಶಿಕ್ಷೆಯ ಪ್ರಮಾಣವನ್ನೇ ಮಾತನಾಡುತ್ತೇವೆ. ನನ್ನ ದೃಷ್ಟಿಯಲ್ಲಿ ಬದಲಾಗಬೇಕಾದದ್ದು ಮೊದಲು ಈ ಒಂದು ವಾಕ್ಯ.

2024ರ ಮಾರ್ಚ್ 11ನ್ನು ನೆನಪಿಸಿಕೊಳ್ಳಿ. ಅಂದು ಬೆಂಗಳೂರಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ರಾಜ್ಯದ ವಿವಿಧೆಡೆ ಸಂಗ್ರಹಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಮಿಠಾಯಿಯ 25 ಮಾದರಿಗಳಲ್ಲಿ 15. ಬಟ್ಟೆಗೆ ಹಾಕುವ ರೋಡಮೈನ್-ಬಿ ಮಕ್ಕಳ ನಾಲಿಗೆಗೆ ಬಂದಿತ್ತು. ಅದೇ ದಿನ, ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಬೆಲೆ ಕುಸಿದುದರಿಂದ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಕೃತಕ ಕೆಂಪನ್ನು ಸರ್ಕಾರ ನಿಷೇಧಿಸಿದ ದಿನವೇ ನಿಜವಾದ ಕೆಂಪನ್ನು ಬೆಳೆದವರು ಬೀದಿಗಿಳಿದಿದ್ದರು. ಈ ಎರಡು ಸುದ್ದಿಗಳನ್ನು ಯಾರೂ ಜೋಡಿಸಿ ಓದಿದಂತೆ ಕಾಣಲಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆಯುವ ಬಣ್ಣದ ಸತ್ವ ತುಟಿರಂಗಿನವರೆಗೆ ಹೋಗುತ್ತದೆ. ಇಂಥ ಬೆಳೆಯ ಸೀಮೆಯಲ್ಲಿಯೇ ಪುಡಿಗೆ ಬಣ್ಣ ಬೆರೆಸಿರಬಹುದೆಂದು ಗೃಹಿಣಿ ಅನುಮಾನಿಸುವಂತಾಗಿರುವುದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಬೇಕೆ?

ಗೋಬಿಯ ನಂತರ 2024ರ ಜೂನ್‌ನಲ್ಲಿ ಕಬಾಬ್‌ನ ಸರದಿ ಬಂತು: 39 ಮಾದರಿಗಳಲ್ಲಿ 8 ಅಸುರಕ್ಷಿತ. ಆಮೇಲೆ ಪಾನಿಪುರಿ. 2025ರ ಫೆಬ್ರುವರಿಯಲ್ಲಿ ಇಡ್ಲಿ. 251 ಕಡೆ ಪರಿಶೀಲಿಸಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯಿಸುತ್ತಿದ್ದುದು ಪತ್ತೆಯಾಯಿತು. ಹೀಗೆ ತಿಂಡಿಯಿಂದ ತಿಂಡಿಗೆ ನಿಷೇಧ ಸಾಗಿದೆ. (ಮಿರ್ಚಿ ಭಜಿಯ ಪಾಳಿ ಯಾವಾಗಲೋ!) ಈ ಬಣ್ಣಗಳ ವಿಚಾರದಲ್ಲಿ ಮರೆಯಬಾರದ ಒಂದು ಸಂಗತಿಯಿದೆ. ರೋಡಮೈನ್-ಬಿ ಮೊದಲೇ ಆಹಾರಕ್ಕೆ ಅನುಮತಿಯಿಲ್ಲದ ವಸ್ತು. ಟಾರ್ಟ್ರಝೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ನಂಥವುಗಳಿಗೆ ನಿರ್ದಿಷ್ಟ ಪದಾರ್ಥಗಳಲ್ಲಿ, ನಿರ್ದಿಷ್ಟ ಪ್ರಮಾಣದಲ್ಲಿ ಮಾತ್ರ ಅವಕಾಶ. ಅಂದರೆ ಸರ್ಕಾರದ ಆದೇಶ ಹೊಸ ಕಾನೂನನ್ನೇನೂ ತರಲಿಲ್ಲ. ಇದ್ದ ಕಾನೂನನ್ನು ಮತ್ತೊಮ್ಮೆ, ಗಟ್ಟಿಯಾಗಿ ಓದಿತು. ಇದ್ದ ಕಾನೂನು ಅಷ್ಟು ವರ್ಷ ಯಾರಿಗೂ ಕೇಳಿಸದೆ ಹೋದದ್ದೇಕೆ ಎಂಬುದು ಕೇಳಬೇಕಾದ ಪ್ರಶ್ನೆ.

ಅಂದಿನ ಸುದ್ದಿಯಲ್ಲಿ ‘ಏಳು ವರ್ಷದಿಂದ ಜೀವಾವಧಿಯವರೆಗೆ ಜೈಲು, 10 ಲಕ್ಷ ದಂಡ’ ಎಂಬ ಮಾತು ಎಲ್ಲ ಕಡೆ ರಾರಾಜಿಸಿತು. ಕಾಯ್ದೆಯ 59ನೇ ಕಲಮನ್ನು ಓದಿದರೆ, ಆ ಶಿಕ್ಷೆ ಅಸುರಕ್ಷಿತ ಆಹಾರ ತಿಂದು ಸಾವು ಸಂಭವಿಸಿದಾಗ ಮಾತ್ರ ಎಂಬುದು ಸ್ಪಷ್ಟ. ಯಾರಿಗೂ ತಕ್ಷಣ ಹಾನಿಯಾಗಿಲ್ಲವೆಂದಾದರೆ ಆರು ತಿಂಗಳವರೆಗಿನ ಜೈಲು, ಒಂದು ಲಕ್ಷದವರೆಗಿನ ದಂಡ ಎಂದು ಮೂಲ ಕಾಯ್ದೆ ಹೇಳಿತ್ತು. 2023ರ ಜನ ವಿಶ್ವಾಸ ತಿದ್ದುಪಡಿ ಕಾಯ್ದೆ ಜೈಲನ್ನು ಮೂರು ತಿಂಗಳಿಗೆ ಇಳಿಸಿ, ದಂಡವನ್ನು ಮೂರು ಲಕ್ಷಕ್ಕೆ ಏರಿಸಿತು. ಗೋಬಿ ತಿಂದವನು ಗೋಬಿ ಗಾಡಿಯ ಮುಂದೆಯೇ ಕುಸಿದುಬೀಳುವುದಿಲ್ಲ. ಬಣ್ಣದ ವಿಷ ನಿಧಾನದ್ದು. ಹತ್ತು ವರ್ಷದ ನಂತರ ಬಂದ ಕಾಯಿಲೆಗೂ ಹತ್ತು ವರ್ಷದ ಹಿಂದಿನ ಪೊಟ್ಟಣಕ್ಕೂ ನಂಟು ತೋರಿಸುವುದು ಯಾವ ನ್ಯಾಯಾಲಯದಲ್ಲಿಯೂ ಸಾಧ್ಯವಿಲ್ಲ. ಹಾನಿಯನ್ನು ಅಳತೆಗೋಲಾಗಿಟ್ಟುಕೊಂಡ ಶಿಕ್ಷೆಯ ಮೆಟ್ಟಿಲುಗಳು ಆಹಾರದ ಕಲಬೆರಕೆಗೆ ಹೊಂದುವುದಿಲ್ಲವೆಂಬ ಮಾತು ಇಲ್ಲಿ ನಿಜ.

ಆದರೂ ಶಿಕ್ಷೆ ಏರಿಸಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆಯನ್ನು ನಾನು ಹಂಚಿಕೊಳ್ಳಲಾರೆ. ಅದಕ್ಕೆ ನಮ್ಮ ಇತಿಹಾಸವೇ ಕಾರಣ. 1954ರ ಕಾಯ್ದೆಗೆ 1976ರಲ್ಲಿ ಬಂದ ತಿದ್ದುಪಡಿ ಕಲಬೆರಕೆಗೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಜೈಲನ್ನು ಕಡ್ಡಾಯಗೊಳಿಸಿತು. ಅಷ್ಟು ಕಠಿಣವಾದ ಕಾನೂನಿನಡಿ ಎಷ್ಟೋ ಮೊಕದ್ದಮೆಗಳು ಮಾದರಿ ಸಂಗ್ರಹಿಸಿದ ವಿಧಾನದ ಲೋಪದಿಂದ, ಎರಡನೇ ಪರೀಕ್ಷೆಯ ಹೊತ್ತಿಗೆ ಮಾದರಿಯೇ ಕೆಟ್ಟುಹೋಗಿದ್ದರಿಂದ ಬಿದ್ದುಹೋದವು. ಕಠಿಣ ಶಿಕ್ಷೆ ನ್ಯಾಯಾಲಯವನ್ನು ಇನ್ನಷ್ಟು ಜಾಗರೂಕವಾಗಿಸುತ್ತದೆ, ಮತ್ತು ಸ್ಥಳದಲ್ಲಿ ‘ಹೊಂದಾಣಿಕೆ’ಯ ದರವನ್ನೂ ಏರಿಸುತ್ತದೆ. ಈ ಅನುಭವದಿಂದಲೇ 2006ರ ಕಾಯ್ದೆ ಕಳಪೆ ಆಹಾರವನ್ನು ಅಸುರಕ್ಷಿತ ಆಹಾರದಿಂದ ಬೇರ್ಪಡಿಸಿತು. ಕಳಪೆಗೆ ಅಪರ ಜಿಲ್ಲಾಧಿಕಾರಿಯ ಮುಂದೆ ವಿಚಾರಣೆ, ಐದು ಲಕ್ಷದವರೆಗೆ ದಂಡ. ಅಸುರಕ್ಷಿತವಾದದ್ದಕ್ಕೆ ಮಾತ್ರ ಕ್ರಿಮಿನಲ್ ಮೊಕದ್ದಮೆ. ಇದು ವಿವೇಕದ ಹೆಜ್ಜೆ. ಇನ್ನೊಂದೆಡೆ, 1860ರ ದಂಡ ಸಂಹಿತೆ ಕಲಬೆರಕೆಗೆ ವಿಧಿಸಿದ್ದ ಒಂದು ಸಾವಿರ ರೂಪಾಯಿ ದಂಡವನ್ನು 2024ರ ಜುಲೈನಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಐದು ಸಾವಿರಕ್ಕೆ ಏರಿಸಿದೆ. ನೂರ ಅರವತ್ತನಾಲ್ಕು ವರ್ಷಕ್ಕೆ ನಾಲ್ಕು ಸಾವಿರದ ಏರಿಕೆ! ಅದೇ ವರ್ಷದ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಆಹಾರ ಸುರಕ್ಷತಾ ಕಾಯ್ದೆ ವಿಶೇಷ ಕಾನೂನಾದ್ದರಿಂದ ಅಸುರಕ್ಷಿತ ಆಹಾರದ ವಿಷಯದಲ್ಲಿ ದಂಡ ಸಂಹಿತೆಯ ಕಲಮುಗಳಿಗಿಂತ ಅದೇ ಮೇಲೆಂದು ತೀರ್ಪಿತ್ತಿತ್ತು. ಹೀಗಾಗಿ ಉಳಿದ ಲೆಕ್ಕ ಏನಿದ್ದರೂ 2006ರ ಕಾಯ್ದೆಯೊಡನೆಯೇ.

ಆ ಕಾಯ್ದೆ ಹಿರೇಕೆರೂರಿನಲ್ಲಿ ಹೇಗೆ ಕೆಲಸ ಮಾಡಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಆಹಾರ ಸುರಕ್ಷತಾ ಅಧಿಕಾರಿ ಅಂಗಡಿಗೆ ಬರಬೇಕು. ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ವಿಶ್ಲೇಷಕರಿಗೆ ಹೋಗಬೇಕು. ರಾಜ್ಯದ ಮುಖ್ಯ ಆಹಾರ ಪ್ರಯೋಗಾಲಯ ಇರುವುದು ಬೆಂಗಳೂರಿನಲ್ಲಿ. ವಿಭಾಗ ಮಟ್ಟದವು ಬೆಳಗಾವಿ, ಮೈಸೂರು, ಕಲಬುರಗಿಗಳಲ್ಲಿ. ಹಾವೇರಿ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು. ಹೆದ್ದಾರಿಯ ಮೇಲಿರುವ ಶಿಗ್ಗಾವಿಗೆ ಬೆಳಗಾವಿ ಹೇಗೋ ಎಟುಕೀತು. ರೈಲೂ ಇಲ್ಲದ, ಹೆದ್ದಾರಿಯಿಂದಲೂ ದೂರದ ಹಿರೇಕೆರೂರಿಗೆ ಅದು ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಮಾದರಿ ತಲುಪಿದ ಹದಿನಾಲ್ಕು ದಿನದೊಳಗೆ ವರದಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ವರದಿಯನ್ನು ಒಪ್ಪದ ವ್ಯಾಪಾರಿ ಮೇಲ್ಮನವಿ ಹೋದರೆ ಇನ್ನೊಂದು ಭಾಗ ಉನ್ನತ ಪ್ರಯೋಗಾಲಯಕ್ಕೆ ಹೋಗುತ್ತದೆ. ಇದೆಲ್ಲ ನ್ಯಾಯವಾದದ್ದೇ. ಆದರೆ ಅಷ್ಟರಲ್ಲಿ ಚೀಲ ಖಾಲಿಯಾಗಿರುತ್ತದೆ. ಊರು ಆ ಪುಡಿಯನ್ನು ತಿಂದು ಮುಗಿಸಿರುತ್ತದೆ. ಕಟ್ಟಕಡೆಗೆ ಯಾವುದೋ ಅಂಗಡಿಗೆ ದಂಡ ಬಿದ್ದರೂ ಅದರ ಆದೇಶ ದೇವಗಿರಿಯ ಜಿಲ್ಲಾಡಳಿತ ಭವನದ ಕಡತದಲ್ಲಿರುತ್ತದೆಯೇ ಹೊರತು, ಆ ಅಂಗಡಿಯ ಮುಂದೆ ನಿಂತ ಗಿರಾಕಿಗೆ ತಿಳಿಯುವುದಿಲ್ಲ.

ಸಣ್ಣ ಪಟ್ಟಣದ ವ್ಯಾಪಾರದ ಸ್ವರೂಪವೂ ಕಾನೂನಿನ ಕಲ್ಪನೆಗಿಂತ ಬೇರೆ. ನಮ್ಮ ಆಹಾರ ಕಾನೂನಿನ ಹೆಚ್ಚಿನ ಶಕ್ತಿ ವ್ಯಯವಾಗಿರುವುದು ಲೇಬಲ್‌ನ ಮೇಲೆ: ತಯಾರಿಸಿದ ದಿನ, ಪರವಾನಗಿ ಸಂಖ್ಯೆ, ಒಳವಸ್ತುಗಳ ಪಟ್ಟಿ. ಸವಣೂರಿನ ಖಾರ ತಿನ್ನದವರು ಈ ಸೀಮೆಯಲ್ಲಿ ಅಪರೂಪ. ಅದನ್ನು ನಾನೂ ಇಷ್ಟಪಟ್ಟು ತಿಂದೆ, ಇನ್ನೂ ತಿನ್ನುವವನಿದ್ದೇನೆ. ಅದರ ಗಿರಾಕಿ ನಂಬುವುದು ಲೇಬಲ್ಲನ್ನಲ್ಲ, ಕಡಾಯಿಯ ಮುಂದೆ ಕುಳಿತವನನ್ನು. ಬಿಡಿಯಾಗಿ ತೂಗಿ ಕೊಡುವ ಖಾರ, ಎಣ್ಣೆ, ಬೆಲ್ಲ, ಹಾಲು, ಪುಡಿಗಳಿಗೆ ಲೇಬಲ್ಲೇ ಇಲ್ಲದಾಗ ಲೇಬಲ್ಲಿನ ಕಾನೂನು ಯಾರನ್ನು ಕಾಯಬೇಕು? ಬಿಡಿ ಸಿಹಿತಿಂಡಿಗಳ ತಟ್ಟೆಯ ಮುಂದೆ ‘ಯಾವ ದಿನದೊಳಗೆ ತಿನ್ನಬೇಕು’ ಎಂದು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ನಾಲ್ಕೂ ಪಟ್ಟಣಗಳಲ್ಲಿ ನಾನು ಹೊಕ್ಕ ಮಿಠಾಯಿ ಅಂಗಡಿಗಳಲ್ಲಿ ಅಂಥ ಫಲಕ ಕಂಡದ್ದು ನೆನಪಿಲ್ಲ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ಮೀರಬಾರದೆಂಬ ನಿಯಮ 2018ರಿಂದ ಇದೆ. ಅಳೆಯುವ ಉಪಕರಣವನ್ನು ಸಂತೆಯ ಗಿರಾಕಿ ಎಲ್ಲಿಂದ ತಂದಾನು?

ಮನೆಯಲ್ಲೇ ಪರೀಕ್ಷಿಸಿಕೊಳ್ಳಿ ಎಂಬ ಸಲಹೆ ಈಗ ಜನಪ್ರಿಯ. ಲೋಟದ ನೀರಿಗೆ ಖಾರದ ಪುಡಿ ಉದುರಿಸಿದರೆ ಬಣ್ಣ ಗೆರೆಗೆರೆಯಾಗಿ ಇಳಿಯುವುದನ್ನು ಕಂಡು ಕೃತಕ ಬಣ್ಣವನ್ನು ಗುರುತಿಸಬಹುದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ಕೈಪಿಡಿಯೇ ಹೇಳುತ್ತದೆ. ನೀರಿನಲ್ಲಿ ಕರಗುವ ಬಣ್ಣಕ್ಕೆ ಇದು ಸರಿ. ಆದರೆ ಖಾರದ ಪುಡಿಗೆ ಬೆರೆಸುವ ಬಣ್ಣಗಳಲ್ಲಿ ಕುಖ್ಯಾತವಾದ ಸೂಡಾನ್, ಎಣ್ಣೆಯಲ್ಲಿ ಕರಗುವಂಥದು. ಲೋಟದ ನೀರು ಅದನ್ನು ಬಯಲಿಗೆಳೆಯುವುದಿಲ್ಲ. ಗೃಹಿಣಿ ಲೋಟ ನೋಡಿ ನಿಶ್ಚಿಂತಳಾಗುತ್ತಾಳೆ, ಒಗ್ಗರಣೆಯ ಎಣ್ಣೆ ಮಾತ್ರ ಕೆಂಪಾಗುತ್ತದೆ.

ಸೂಡಾನಿನ ಕಥೆ ಇಲ್ಲಿ ಹೇಳಲೇಬೇಕು. 2003ರಲ್ಲಿ ಫ್ರಾನ್ಸ್, ಭಾರತದಿಂದ ಬಂದ ಮೆಣಸಿನ ಪದಾರ್ಥಗಳಲ್ಲಿ ಸೂಡಾನ್-1 ಇರುವುದನ್ನು ಪತ್ತೆಹಚ್ಚಿತು. ಕೆಲವೇ ವಾರಗಳಲ್ಲಿ ಐರೋಪ್ಯ ಒಕ್ಕೂಟ, ಪರೀಕ್ಷಾ ವರದಿಯಿಲ್ಲದ ಮೆಣಸಿನ ಪುಡಿಗೆ ಬಾಗಿಲು ಮುಚ್ಚಿತು. 2005ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಇದೇ ಬಣ್ಣವಿದ್ದ ಮೆಣಸಿನ ಪುಡಿ ಒಂದು ಸಾಸ್‌ಗೆ ಸೇರಿ, ಆ ಸಾಸ್ ಬಳಸಿದ ನಾನೂರಕ್ಕೂ ಹೆಚ್ಚು ಬಗೆಯ ಆಹಾರಗಳನ್ನು ಅಂಗಡಿಗಳಿಂದ ವಾಪಸು ತರಿಸಲಾಯಿತು. ಉತ್ಪನ್ನಗಳ ಹೆಸರುಗಳನ್ನು ಅಲ್ಲಿನ ಆಹಾರ ಸಂಸ್ಥೆ ಎಲ್ಲರೂ ಓದುವಂತೆ ಪ್ರಕಟಿಸಿತು. ಪರಿಣಾಮವೇನು? ನಮ್ಮ ಸಾಂಬಾರ ಮಂಡಳಿ ರಫ್ತಾಗುವ ಮೆಣಸಿನಕಾಯಿ ಮತ್ತು ಪುಡಿಗೆ ಸೂಡಾನ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಸಮುದ್ರ ದಾಟುವ ಪುಡಿಗೆ ಹಡಗು ಹತ್ತುವ ಮೊದಲೇ ಪ್ರಯೋಗಾಲಯದ ಚೀಟಿ ಬೇಕು. ಬ್ಯಾಡಗಿಯಿಂದ ಹಾನಗಲ್ಲಿಗೆ ಹೋಗುವ ಪುಡಿಗೆ ಬೇಡ. ಒಂದೇ ಹೊಲದ ಬೆಳೆಗೆ ಎರಡು ನ್ಯಾಯ: ಒಂದು ಪರದೇಶಿಯ ನಾಲಿಗೆಗೆ, ಇನ್ನೊಂದು ನಮ್ಮ ನಾಲಿಗೆಗೆ.

ಹಾನಗಲ್ ಎಂದಾಗ ಮಾವಿನ ಹಣ್ಣಿನ ಮಾತು ಬರಬೇಕು. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಡುವುದು ನಿಷಿದ್ಧ. ನಿಗದಿತ ಪ್ರಮಾಣದ ಎಥಿಲೀನ್ ಅನಿಲಕ್ಕೆ ಅವಕಾಶವಿದೆ. ಕಾಯ್ದೆ ರೈತನನ್ನೂ ಅವನ ಹೊಲದ ಬೆಳೆಯನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಈ ವಿನಾಯಿತಿಯನ್ನು ತೆಗೆಯಬೇಕೆಂದು ವಾದಿಸುವವರಿದ್ದಾರೆ. ನನಗೆ ಅದು ಸಮ್ಮತವಲ್ಲ. ತೋಪನ್ನು ಹೂವಿನಲ್ಲೇ ಗುತ್ತಿಗೆ ಹಿಡಿದು, ಕಾಯಿ ಕಿತ್ತು, ಹಣ್ಣು ಮಾಡಿ ಮಾರುವವನು ವ್ಯಾಪಾರಿ. ಅವನನ್ನು ಹಿಡಿಯಲು ಈಗಿರುವ ಕಾನೂನೇ ಸಾಕು.

ಈಗ ಎದುರುವಾದಕ್ಕೆ ಬರೋಣ. 40ನೇ ಕಲಮಿನ ಷರತ್ತಿಗೆ ಕಾರಣವಿಲ್ಲದಿಲ್ಲ. ಗಿರಾಕಿ ಮನೆಗೊಯ್ದ ಪೊಟ್ಟಣಕ್ಕೆ ತಾನೇ ಏನನ್ನಾದರೂ ಬೆರೆಸಿ, ವ್ಯಾಪಾರಿಯನ್ನು ಬೆದರಿಸಬಹುದಲ್ಲವೆ? ಇಂಥ ವಸೂಲಿಗಾರರು ಇಲ್ಲವೆಂದು ಹೇಳಲಾಗದು. ದಿನಕ್ಕೆ ಐದುನೂರು ರೂಪಾಯಿ ಉಳಿಸುವ ಗಾಡಿಯವನಿಗೆ ಮೂರು ಲಕ್ಷದ ದಂಡ ಎಂಬ ಮಾತೇ ಸಾಕು, ಅವನು ಬೆದರಿಕೆಗೆ ತಲೆಬಾಗುತ್ತಾನೆ. ಆದ್ದರಿಂದ ಗಿರಾಕಿ ತಂದ ಮಾದರಿಯ ಮೇಲೆ ಯಾರನ್ನೂ ಶಿಕ್ಷಿಸಬಾರದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಶಿಕ್ಷಿಸುವುದು ಬೇರೆ, ತಿಳಿಯುವುದು ಬೇರೆ. ಗಿರಾಕಿಯ ಮಾದರಿಯನ್ನು ಸಾಕ್ಷ್ಯವೆಂದು ಪರಿಗಣಿಸದೆ, ಸುಳಿವೆಂದು ಪರಿಗಣಿಸಬಹುದು. ಮುನ್ಸೂಚನೆಯಿಲ್ಲದೆ ತಂದ ಮಾದರಿಯಲ್ಲಿ ದೋಷ ಕಂಡರೆ, ಇಂತಿಷ್ಟು ದಿನದೊಳಗೆ ಅಧಿಕಾರಿ ಆ ಅಂಗಡಿಗೆ ಹೋಗಿ ವಿಧಿಬದ್ಧವಾಗಿ ಮಾದರಿ ತೆಗೆಯಲೇಬೇಕು ಎಂದು ಕಲಮನ್ನು ತಿದ್ದಿದರೆ ವ್ಯಾಪಾರಿಯ ರಕ್ಷಣೆಯೂ ಉಳಿಯುತ್ತದೆ, ಗಿರಾಕಿಯ ಹಕ್ಕಿಗೂ ಜೀವ ಬರುತ್ತದೆ.

ಇದು ಕಾನೂನಿಗೆ ತೀರಾ ಅಪರಿಚಿತವಾದ ವಿಚಾರವೇನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗ, ದೂರುದಾರ ತಂದ ವಸ್ತುವಿನ ಮಾದರಿಗೆ ತಾನೇ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಬಹುದು. ಅಲ್ಲಿ ಅಂಗಡಿಯವನಿಗೆ ಮೊದಲೇ ಹೇಳಿರಬೇಕೆಂಬ ಕಟ್ಟಳೆಯಿಲ್ಲ. ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ಆದರೆ ಮೂವತ್ತು ರೂಪಾಯಿಯ ಪುಡಿಗಾಗಿ, ರಸೀದಿಯೂ ಇಲ್ಲದೆ, ವಾಯಿದೆಯಿಂದ ವಾಯಿದೆಗೆ ಹಾವೇರಿಗೆ ಅಲೆಯುವವರು ಯಾರು? ಆ ಬಾಗಿಲು ತೆರೆದಿರುವುದು ನಷ್ಟ ಪರಿಹಾರ ಬೇಡುವವನಿಗೆ. ನಾನು ಹೇಳುತ್ತಿರುವುದು, ತಾನು ತಿನ್ನುತ್ತಿರುವುದು ಏನೆಂದು ತಿಳಿಯಬಯಸುವವಳ ಮಾತು.

ಕಲಮು ತಿದ್ದುವುದು ಸಂಸತ್ತಿನ ಕೆಲಸ. ಅದು ಯಾವಾಗ ಆದೀತೋ. ರಾಜ್ಯ ಸರ್ಕಾರ ತನ್ನ ಕೈಯಲ್ಲಿರುವುದನ್ನು ಅದಕ್ಕೆ ಕಾಯದೆ ಮಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಗ್ರಾಹಕರ ಮಾದರಿ ಸ್ವೀಕರಿಸುವ ಒಂದು ಕಿಟಕಿ ತೆರೆಯಬಹುದು. ರಕ್ತದ, ಕಫದ ಮಾದರಿಗಳು ಅಲ್ಲಿಂದ ಹೊರಗಿನ ಪ್ರಯೋಗಾಲಯಗಳಿಗೆ ಹೋಗುವುದಿಲ್ಲವೆ? ತಾಲ್ಲೂಕಿನಲ್ಲಿ ಆ ತಿಂಗಳು ತೆಗೆದ ಮಾದರಿಗಳೆಷ್ಟು, ಯಾವ ಪದಾರ್ಥ, ಫಲಿತಾಂಶವೇನು ಎಂಬುದನ್ನು ಪುರಸಭೆಯ, ಪಟ್ಟಣ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಅಂಟಿಸಬಹುದು. ಅಂತಿಮ ಆದೇಶವಾದ ಪ್ರಕರಣಗಳಲ್ಲಿ ಅಂಗಡಿಯ ಹೆಸರನ್ನೂ ಹಾಕಬಹುದು. ದಂಡವನ್ನು ಗಲ್ಲಾಪೆಟ್ಟಿಗೆಯಿಂದ ಕಟ್ಟಿ ಮರೆಯುವ ವ್ಯಾಪಾರಿ, ಸಂತೆಯ ದಿನ ಊರವರು ಆ ಫಲಕದ ಮುಂದೆ ನಿಂತು ಓದುವುದನ್ನು ಸುಲಭವಾಗಿ ಮರೆಯಲಾರ. ಶುದ್ಧ ಪುಡಿ ಮಾರುವ ಪಕ್ಕದ ಅಂಗಡಿಯವನಿಗೂ ಅದರಿಂದ ಲಾಭ. ಇವತ್ತು ಅವನ ಮಂಕು ಬಣ್ಣದ ಪುಡಿ, ಕಣ್ಣು ಕುಕ್ಕುವ ಕೆಂಪಿನೆದುರು ಬೆಲೆಯಲ್ಲಿಯೂ ಸೋಲುತ್ತಿದೆ, ನೋಟದಲ್ಲಿಯೂ ಸೋಲುತ್ತಿದೆ.

ಒಳಗಿನ ಡಬ್ಬಿಯ ಆ ಮಂಕು ಪುಡಿಯನ್ನು ನಾನು ಕೊಂಡೇ ಬಂದೆ. ಹೊರಡುವಾಗ ಅಂಗಡಿಯಾತ ಕುತೂಹಲದಿಂದಲೇ ಕೇಳಿದ್ದ: ‘ಪರೀಕ್ಷಾ ಎಲ್ಲಿ ಮಾಡ್ತಾರ್ರೀ ಇದನ್ನ?’ ಬೆಳಗಾವಿಯಲ್ಲಿ ಎಂದೆ. ‘ನೀವ ಒಯ್ತೀರೇನು?’ ಎಂದ. ನಾನು ಉತ್ತರ ಹುಡುಕುತ್ತಿರುವಾಗಲೇ ಒಬ್ಬ ಹೆಂಗಸು ಬಂದು ಅರ್ಧ ಕಿಲೋ ಖಾರದ ಪುಡಿ ಕೇಳಿದಳು. ಆತ ಚೀಲದ ಕಡೆ ತಿರುಗಿದ.